ಹದಿನೆಂಟರ ಕಾಲು, ಎಂಬತ್ತರ ಉಸಿರು

ಬೇಸಗೆಯ ದಿನಗಳಲ್ಲಿ ವಾಡಿ ಜಂಕ್ಷನ್ನಿನ ಸುತ್ತಮುತ್ತ ಬೆಳಗೆಂಬುದು ಬಹಳ ಬೇಗ ಮುಗಿದುಹೋಗುತ್ತದೆ. ಐದು ಗಂಟೆಗೆ ಮೂಡಣ ತುಸು ಕೆಂಪಾಗುತ್ತದೆ. ಆರೂವರೆಗೆ ಬಿಸಿಲು ಬೆನ್ನನ್ನು ಮುಟ್ಟುತ್ತದೆ. ಎಂಟಾಯಿತೆಂದರೆ ದಾರಿಹೋಕನು ನೆರಳನ್ನು ಹುಡುಕತೊಡಗುತ್ತಾನೆ. ಓಡಬೇಕೆನ್ನುವವನಿಗೆ ದಿನವೊಂದರಲ್ಲಿ ದೊರೆಯುವುದು ಈ ನಡುವಿನ ಒಂದೂವರೆ ಗಂಟೆಯ ಅವಧಿ ಮಾತ್ರ.

ಆ ಒಂದೂವರೆ ಗಂಟೆಯಲ್ಲಿ ಕಲಬುರಗಿ ಜಿಲ್ಲೆಯ ಈ ಭಾಗದ ರಸ್ತೆಗಳ ಮೇಲೆ ಎರಡು ಬಗೆಯ ಜನರನ್ನು ಕಾಣಬಹುದು. ಮೊದಲನೆಯವರು ಇಪ್ಪತ್ತರ ಆಸುಪಾಸಿನ ತರುಣರು. ಪೊಲೀಸ್ ಭರ್ತಿಯಲ್ಲಿ 1600 ಮೀಟರು ಓಡಿ ತೋರಿಸಬೇಕು. ಸೈನ್ಯದ ಭರ್ತಿಯಲ್ಲಿಯೂ ಸುಮಾರು ಅಷ್ಟೇ ದೂರ. ಆದುದರಿಂದ ಅವರ ಓಟವೆಲ್ಲ ಆ 1600 ಮೀಟರುಗಳಿಗಾಗಿ. ಎರಡನೆಯವರು ಅರುವತ್ತನ್ನು ದಾಟಿದವರು: ನಿವೃತ್ತರಾದ ಶಾಲಾ ಮಾಸ್ತರರು, ರೈಲ್ವೆಯಲ್ಲಿದ್ದವರು, ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿ ಮನೆ ಸೇರಿದವರು. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಅವರನ್ನು ದಾರಿಗಿಳಿಸಿದೆ. ತರುಣರು ದಾಪುಗಾಲಿಟ್ಟು ಬರುತ್ತಾರೆ. "ಮುತ್ಯಾ, ಬಾಜೂಕ ಸರೀರಿ" ಎನ್ನುತ್ತಾರೆ. ಹಿರಿಯರು ಸರಿಯುತ್ತಾರೆ. ಪರಿಚಯ ಅಲ್ಲಿಗೇ ಮುಗಿಯಿತು.

ಇದು ದೊಡ್ಡ ನಷ್ಟವೆಂದು ಯಾರಿಗೂ ತೋರುವುದಿಲ್ಲ. ಆದರೆ ಭರ್ತಿಯಲ್ಲಿ ಆಯ್ಕೆಯಾದ ಹುಡುಗನು ಓಡುವುದನ್ನು ಬಿಡುತ್ತಾನೆ; ಆಯ್ಕೆಯಾಗದವನು ವಯೋಮಿತಿ ಮೀರಿದಂದೇ ಬಿಡುತ್ತಾನೆ. ಮತ್ತೆ ಅವನು ಅದೇ ರಸ್ತೆಗೆ ಬರುವುದು ನಲವತ್ತು ವರ್ಷಗಳ ಅನಂತರ, ವೈದ್ಯರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು. ನಡುವಿನ ಈ ನಲವತ್ತು ವರ್ಷಗಳನ್ನು ತುಂಬುವುದಕ್ಕೆಂದೇ ಲೋಕದ ಅನೇಕ ಊರುಗಳಲ್ಲಿ ಓಟದ ಬಳಗಗಳು ಹುಟ್ಟಿಕೊಂಡಿವೆ. ಅಲ್ಲಿ ಹದಿನೆಂಟರವನೂ ಎಂಬತ್ತರವನೂ ಒಂದೇ ಪಟ್ಟಿಯಲ್ಲಿ ಹೆಸರು ಬರೆಸುತ್ತಾರೆ. ಒಂದೇ ಗೆರೆಯಿಂದ ಹೊರಡುತ್ತಾರೆ. ಯಾರು ಎಷ್ಟು ಸಾಧಿಸಿದರೆಂಬುದನ್ನು ಅಳೆಯುವ ಕೋಲು ಮಾತ್ರ ಅವರವರ ವಯಸ್ಸಿಗೆ ತಕ್ಕಂತೆ ಬೇರೆಯಾಗುತ್ತದೆ.

ಓಟಕ್ಕೆ ಈ ನೆಲ ಒಗ್ಗದೆಂದು ಹೇಳುವಂತಿಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಇವು ಒಂದರ ಬಳಿಕ ಒಂದರಂತೆ ರೈಲು ಹಾದಿಯ ಮೇಲೆ ಕುಳಿತಿರುವ ಊರುಗಳು. 1874ರಲ್ಲಿ ನಿಜಾಮರ ರಾಜ್ಯದ ರೈಲು ವಾಡಿಯಲ್ಲಿ ಮುಂಬಯಿ ಮದರಾಸು ಹಾದಿಯಿಂದ ಕವಲೊಡೆದು ಪೂರ್ವಕ್ಕೆ ಹೊರಟಿತು. ಚಿತ್ತಾಪುರ ಸೇಡಂಗಳ ನಡುವೆ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟವೇ ಅದು. ಅದರ ಬದಿಯಲ್ಲಿ ಕಾಗಿಣಾ ನದಿ. ರೈಲಿನ ಮುಖವನ್ನೇ ಕಾಣದ ಚಿಂಚೋಳಿ ಮಾತ್ರ ಉತ್ತರಕ್ಕೆ ಸರಿದು ಕಾಡು ಗುಡ್ಡಗಳ ಸೆರಗಿನಲ್ಲಿದೆ. ಅಲ್ಲಿನ ಅರಣ್ಯವು 2011ರಲ್ಲಿ ವನ್ಯಜೀವಿಧಾಮವಾಯಿತು. ನಾಡಿನ ಎಷ್ಟೋ ಮನೆಗಳ ನಡುಮನೆಗೆ ಹಾಸಿರುವ ಶಹಾಬಾದ್ ಕಲ್ಲು ಈ ನೆಲದಡಿಯ ಸುಣ್ಣಕಲ್ಲಿನ ಪದರ. ಕಲ್ಲು ಗಟ್ಟಿ, ರಸ್ತೆ ಗಟ್ಟಿ, ಬಿಸಿಲು ಇನ್ನೂ ಗಟ್ಟಿ. ಮೇ ತಿಂಗಳಿನಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮೀರುವುದು ಇಲ್ಲಿ ಸುದ್ದಿಯೇ ಅಲ್ಲ. ಇಂಥದೇ ದಖ್ಖನಿನ ನೆಲದ ಮೇಲೆ ಬರಿಗಾಲಿನಲ್ಲಿ ಓಡಿ ಕಲಿತವರೇ ಭಾರತದ ಮೊದಲ ಒಲಿಂಪಿಕ್ ತಂಡದಲ್ಲಿದ್ದರೆಂಬುದನ್ನು ಈಗ ಎಷ್ಟು ಮಂದಿ ನೆನೆಯುತ್ತಾರೆ?

ಆ ಕಥೆಯೂ ಒಂದು ಕ್ಲಬ್ಬಿನಿಂದಲೇ ಆರಂಭವಾಗುತ್ತದೆ. ಪುಣೆಯಲ್ಲಿ 1906ರಲ್ಲಿ ಸ್ಥಾಪಿತವಾದ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆಗೆ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿದ್ದರು. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟದ ದೂರದ ಓಟಕ್ಕೆ ಬಂದವರಲ್ಲಿ ಹೊಲಗೆಲಸದ ಹಳ್ಳಿಗರು ಅನೇಕರು. ಅವರಿಗೆ ಪಾದರಕ್ಷೆಯಿಲ್ಲ, ತರಬೇತಿಯಿಲ್ಲ, ಓಟದ ನಿಯಮಗಳ ಪರಿಚಯವೂ ಇಲ್ಲ. ಆದರೆ ಗಡಿಯಾರವನ್ನು ನೋಡಿದ ದೊರಾಬ್ಜಿಯವರಿಗೆ ಅಚ್ಚರಿಯಾಯಿತು. ಯುರೋಪಿನ ಪಳಗಿದ ಓಟಗಾರರ ವೇಳೆಗಿಂತ ಈ ಬರಿಗಾಲಿನವರು ಬಹಳವೇನೂ ಹಿಂದಿರಲಿಲ್ಲ. ಮುಂಬಯಿಯ ಗವರ್ನರರ ಬೆಂಬಲ ದೊರೆಯಿತು, ಹಣ ಕೂಡಿತು. ಮರುವರ್ಷ ಆರು ಮಂದಿಯ ತಂಡವೊಂದು ಹಡಗು ಹತ್ತಿ ಬೆಲ್ಜಿಯಮ್ಮಿನ ಆಂಟ್‌ವೆರ್ಪ್ ನಗರಕ್ಕೆ ಹೊರಟಿತು.

ಆ ಆರು ಮಂದಿಯಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಹೆಸರೇ ಅವರ ನೆಲವನ್ನು ಹೇಳುತ್ತದೆ. 1902ರಲ್ಲಿ ಹುಟ್ಟಿದ ಅವರಿಗೆ ಆಗ ಇನ್ನೂ 18 ವರ್ಷ. 1920ರ ಆಗಸ್ಟ್ 22ರಂದು ನಡೆದ ಮ್ಯಾರಥಾನ್ ಓಟವು ಇಂದಿನ 42 ಕಿಲೋಮೀಟರು 195 ಮೀಟರುಗಳದಾಗಿರಲಿಲ್ಲ. ಅಂದು ಓಡಬೇಕಾಗಿದ್ದುದು 42.75 ಕಿಲೋಮೀಟರು. ಒಲಿಂಪಿಕ್ ಇತಿಹಾಸದಲ್ಲಿಯೇ ಅಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ. ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯ್ನೆನ್. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಪಡೆದಿದ್ದ, ಮೂವತ್ತರ ಪ್ರಾಯದ, ಪಳಗಿದ ಓಟಗಾರ. ಅವರ ವೇಳೆ 2 ಗಂಟೆ 32 ನಿಮಿಷ 35.8 ಸೆಕೆಂಡು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು.

ಹತ್ತೊಂಬತ್ತನೆಯ ಸ್ಥಾನವೆಂದರೆ ಏನು ಮಹಾ, ಎನ್ನುವವರು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದೊಂದು ಕಿಲೋಮೀಟರಿಗೂ ನಾಲ್ಕು ನಿಮಿಷಕ್ಕಿಂತ ಕೂದಲೆಳೆಯಷ್ಟು ಕಡಮೆ; ಹಾಗೆಂದು ಒಂದಲ್ಲ ಎರಡಲ್ಲ, ಸುಮಾರು 43 ಕಿಲೋಮೀಟರು! ಶಹಾಬಾದಿನಲ್ಲಿಯೋ ಸೇಡಂನಲ್ಲಿಯೋ ಭರ್ತಿಗೆ ಸಿದ್ಧನಾಗುತ್ತಿರುವ ತರುಣನನ್ನು ಕೇಳಿದರೆ, ನಾಲ್ಕು ನಿಮಿಷಕ್ಕೊಂದು ಕಿಲೋಮೀಟರಿನಂತೆ ಐದು ಕಿಲೋಮೀಟರು ಓಡುವುದೇ ಎಷ್ಟು ಕಷ್ಟವೆಂಬುದನ್ನು ಅವನು ಹೇಳಿಯಾನು. ಪರದೇಶದ ಚಳಿ, ಪರದೇಶದ ಊಟ, ಎದುರಿಗೆ ಜಗದ್ವಿಖ್ಯಾತರು. ಇವೆಲ್ಲದರ ನಡುವೆ ಬೆಳಗಾವಿಯ ಹುಡುಗನು ಈ ಕೆಲಸವನ್ನು ಮಾಡಿ ಮುಗಿಸಿದನು.

ಮತ್ತೆ ಒಲಿಂಪಿಕ್ ಕೂಟಕ್ಕೆ ಅವರು ಹೋಗಲಿಲ್ಲ. ಕೊಲೆಹ್ಮಾಯ್ನೆನ್ ಗೆದ್ದದ್ದು ಮೂವತ್ತರಲ್ಲಿ. ಆ ಲೆಕ್ಕದಲ್ಲಿ ಚೌಗುಲೆಯವರಿಗೆ ಇನ್ನೂ ಹನ್ನೆರಡು ವರ್ಷಗಳ ಬೆಳವಣಿಗೆ ಉಳಿದಿತ್ತು. ಮ್ಯಾರಥಾನ್ ಎಂಬುದು ಹುಡುಗುತನದ ಓಟವಲ್ಲ; ಅದು ವರ್ಷಗಳ ಮೇಲೆ ವರ್ಷಗಳನ್ನು ಪೇರಿಸಿ ಕಟ್ಟುವ ಗೋಡೆ. ದಿನವೂ ಜತೆಯಲ್ಲಿ ಓಡುವ ಹಿರಿಯನೊಬ್ಬ, ವೇಳೆ ಬರೆದಿಡುವ ಪುಸ್ತಕವೊಂದು, ಬರುವ ವರ್ಷದ ಸ್ಪರ್ಧೆಯೊಂದು, ಇಷ್ಟಿದ್ದರೆ ಅಂಥ ಗೋಡೆ ಏಳುತ್ತದೆ. ಒಂದೇ ಒಂದು ದೊಡ್ಡ ಪ್ರವಾಸದಿಂದ ಏಳುವುದಿಲ್ಲ.

ಅಂಥ ಗೋಡೆ ಎದ್ದ ಊರೊಂದರ ಕಥೆಯನ್ನು ಇಲ್ಲಿ ಹೇಳಬಹುದು. ಅಮೆರಿಕದ ಬಾಸ್ಟನ್ ನಗರದ ಅಥ್ಲೆಟಿಕ್ ಅಸೋಸಿಯೇಷನ್ 1887ರಲ್ಲಿ ಹುಟ್ಟಿತು; 1897ರಿಂದ ಮ್ಯಾರಥಾನ್ ಓಟವನ್ನು ನಡೆಸಿಕೊಂಡು ಬಂದಿದೆ. ಅಲ್ಲಿನ ಜನ ಇಬ್ಬರು ಕೆಲ್ಲಿಗಳ ಹೆಸರನ್ನು ಮನೆಮಾತಿನಂತೆ ಹೇಳುತ್ತಾರೆ: ಹಿರಿಯ ಜಾನ್ ಕೆಲ್ಲಿ ಮತ್ತು ಕಿರಿಯ ಜಾನ್ ಕೆಲ್ಲಿ. ತಂದೆ ಮಗನಲ್ಲ, ನೆಂಟರೂ ಅಲ್ಲ. ಹೆಸರೊಂದೇ, ದಾರಿಯೊಂದೇ.

ಹಿರಿಯ ಕೆಲ್ಲಿ 1935ರಲ್ಲಿ 27ರ ವಯಸ್ಸಿನಲ್ಲಿ ಗೆದ್ದರು. ಹತ್ತು ವರ್ಷಗಳ ಬಳಿಕ 1945ರಲ್ಲಿ ಮತ್ತೆ ಗೆದ್ದರು. ಏಳು ಸಲ ಎರಡನೆಯ ಸ್ಥಾನ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ದಾಖಲೆ ಪುಸ್ತಕದ ಒಂದು ಸಾಲಾಗಿ ಉಳಿಯುತ್ತಿದ್ದರು. ಆದರೆ ಗೆಲ್ಲುವ ವಯಸ್ಸು ಕಳೆದ ಮೇಲೆಯೂ ಅವರು ಪ್ರತಿ ವರ್ಷ ಬಂದು ಗೆರೆಯ ಮೇಲೆ ನಿಂತರು. ಒಟ್ಟು 61 ಸಲ ಹೊರಟು, 58 ಸಲ ಕೊನೆ ಮುಟ್ಟಿದರು. ಕಡೆಯ ಓಟ 1992ರಲ್ಲಿ. ಆಗ ಅವರಿಗೆ 84 ವರ್ಷ. ಆ ದಾರಿಯಲ್ಲಿರುವ ಒಂದು ಏರಿಗೆ 'ಎದೆ ಒಡೆಯುವ ಗುಡ್ಡ' ಎಂಬರ್ಥದ ಹೆಸರಿದೆ. ಅದು ಬಂದದ್ದೂ ಇವರಿಂದಲೇ. 1936ರಲ್ಲಿ ಆ ಏರುಗಳ ಮೇಲೆ ಮುಂದಿನ ಓಟಗಾರನನ್ನು ಹಿಡಿದ ಕೆಲ್ಲಿ, ಅವನನ್ನು ದಾಟುವಾಗ ಸಮಾಧಾನಪಡಿಸುವಂತೆ ಬೆನ್ನು ತಟ್ಟಿದರು. ತಟ್ಟಿಸಿಕೊಂಡವನಿಗೆ ರೋಷವುಕ್ಕಿತು, ಅವನು ಹಾರಿ ಮುಂದೆ ಹೋಗಿ ಗೆದ್ದೇಬಿಟ್ಟನು! ಕೆಲ್ಲಿ ಐದನೆಯವರಾದರು. ಸ್ಪರ್ಧೆಯ ನಡುವೆ ಕನಿಕರ ತೋರಿದರೆ ಹೀಗಾಗುವುದುಂಟು. ಆ ಗುಡ್ಡದ ಬಳಿ 1993ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಇಬ್ಬರು ಓಟಗಾರರು ಕೈ ಹಿಡಿದುಕೊಂಡು ಗೆರೆ ದಾಟುತ್ತಾರೆ: ಒಬ್ಬರು 27ರ ಕೆಲ್ಲಿ, ಇನ್ನೊಬ್ಬರು 84ರ ಕೆಲ್ಲಿ. ನೋಡುವವರಿಗೆ ಅಜ್ಜ ಮೊಮ್ಮಗನೆನಿಸುತ್ತದೆ, ಇಬ್ಬರೂ ಒಬ್ಬರೇ.

ಕಿರಿಯ ಕೆಲ್ಲಿಯ ಕಥೆ ಬೇರೆ ಬಗೆಯದು. ಅವರು ಶಾಲಾ ಉಪಾಧ್ಯಾಯರು. 1957ರಲ್ಲಿ ಬಾಸ್ಟನ್ ಓಟವನ್ನು ಗೆದ್ದರು. ಆ ಸಂಸ್ಥೆಯ ಸ್ವಂತ ಸದಸ್ಯನೊಬ್ಬನು ತನ್ನ ಮನೆಯ ಓಟವನ್ನು ಗೆದ್ದದ್ದು ಅದೊಂದೇ ಸಲ. ಗೆದ್ದ ಮೇಲೆ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ತಮ್ಮ ಶಾಲೆಯ ಹುಡುಗರನ್ನು ಜತೆಗಿಟ್ಟುಕೊಂಡು ಓಡಿಸಿದರು. ಆ ಹುಡುಗರಲ್ಲೊಬ್ಬರಾದ ಆಂಬಿ ಬರ್ಫುಟ್ 1968ರಲ್ಲಿ ಅದೇ ಓಟವನ್ನು ಗೆದ್ದರು. ಕಾಲೇಜಿನಲ್ಲಿ ಬರ್ಫುಟ್‌ರ ಕೋಣೆಯ ಜತೆಗಾರ ಬಿಲ್ ರಾಜರ್ಸ್. ಈತ 1975ರಿಂದ 1980ರೊಳಗೆ ನಾಲ್ಕು ಸಲ ಗೆದ್ದರು. ಮಾಸ್ತರನಿಂದ ಶಿಷ್ಯನಿಗೆ, ಶಿಷ್ಯನಿಂದ ಗೆಳೆಯನಿಗೆ ದೀಪದಿಂದ ದೀಪ ಹತ್ತಿದಂತೆ ಇದು ಸಾಗಿತು. ಅಲ್ಲಿದ್ದುದು ಅರಮನೆಯಂಥ ಕ್ರೀಡಾಂಗಣವಲ್ಲ. ಊರ ರಸ್ತೆ, ಮುಂಜಾವು, ಹಿಂದೆ ಮುಂದೆ ಓಡುವ ಜನ.

ಇಷ್ಟರಲ್ಲಿ ಓದುಗರಿಗೊಂದು ಸಂದೇಹ ಬಂದಿರಬಹುದು. ಇಪ್ಪತ್ತೈದರವನು ಮೂರು ಗಂಟೆಯಲ್ಲಿ ಓಡಿದ. ಎಪ್ಪತ್ತರವರು ನಾಲ್ಕು ಗಂಟೆಯಲ್ಲಿ ಓಡಿದರು. ಇವರಲ್ಲಿ ಹೆಚ್ಚಿನವರು ಯಾರು? ಇದನ್ನು ತೀರ್ಮಾನಿಸುವುದಕ್ಕೆ ಹಿರಿಯರ ಕ್ರೀಡಾಲೋಕವು ಒಂದು ಉಪಾಯವನ್ನು ಕಂಡುಕೊಂಡಿದೆ. 35ರಿಂದ ಮೇಲ್ಪಟ್ಟವರನ್ನು ಐದೈದು ವರ್ಷಗಳ ವರ್ಗಗಳಾಗಿ ವಿಂಗಡಿಸುವುದು ಅದರ ಮೊದಲ ಹೆಜ್ಜೆ. ಹಿರಿಯರ ಮೊದಲ ವಿಶ್ವ ಕ್ರೀಡಾಕೂಟ 1975ರಲ್ಲಿ ಟೊರಾಂಟೊದಲ್ಲಿ ನಡೆಯಿತು. 1977ರಲ್ಲಿ ಅವರದೇ ವಿಶ್ವ ಸಂಸ್ಥೆ ಸ್ಥಾಪಿತವಾಯಿತು. ಎರಡನೆಯ ಹೆಜ್ಜೆ ಇನ್ನೂ ಸೂಕ್ಷ್ಮವಾದದ್ದು. ಪ್ರತಿಯೊಂದು ವಯಸ್ಸಿಗೂ ಸಾಧ್ಯವೆನಿಸಿದ ಅತ್ಯುತ್ತಮ ವೇಳೆಯ ಕೋಷ್ಟಕವೊಂದನ್ನು ಸಿದ್ಧಪಡಿಸಿದ್ದಾರೆ. ಓಡಿದವನ ವೇಳೆಯನ್ನು ಅವನ ವಯಸ್ಸಿನ ಆ ಅತ್ಯುತ್ತಮದೊಡನೆ ಹೋಲಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಪರೀಕ್ಷೆಯ ಅಂಕಪಟ್ಟಿಯಂತೆಯೇ ಸರಿ. ಹೀಗೆ ನೋಡಿದರೆ ಮೊಮ್ಮಗ 60 ಅಂಕ ಪಡೆದ ಓಟದಲ್ಲಿ ಅರ್ಧ ಗಂಟೆ ಹಿಂದೆ ಬಂದ ಅಜ್ಜನಿಗೆ 75 ದೊರೆಯಬಹುದು!

ಈ ಅಳತೆಗೋಲಿನ ಬೆಲೆ ತಿಳಿಯಬೇಕಾದರೆ ಕೆನಡಾದ ಎಡ್ ವಿಟ್ಲಾಕ್ ಅವರನ್ನು ನೋಡಬೇಕು. ಈ ನಿವೃತ್ತ ಎಂಜಿನಿಯರರು ಮಿಲ್ಟನ್ ಎಂಬ ಊರಿನಲ್ಲಿ, ಮನೆಯ ಬಳಿಯ ಸ್ಮಶಾನದೊಳಗೆ ದಿನವೂ ಗಂಟೆಗಟ್ಟಲೆ ಸುತ್ತು ಹಾಕಿ ಓಡುತ್ತಿದ್ದರು. 2003ರಲ್ಲಿ, 72ರ ವಯಸ್ಸಿನಲ್ಲಿ ಮ್ಯಾರಥಾನನ್ನು 2 ಗಂಟೆ 59 ನಿಮಿಷ 10 ಸೆಕೆಂಡುಗಳಲ್ಲಿ ಮುಗಿಸಿದರು. ಎಪ್ಪತ್ತು ದಾಟಿದವರು ಮೂರು ಗಂಟೆಯೊಳಗೆ ಓಡಿದ್ದು ಅದೇ ಮೊದಲು. ಮರುವರ್ಷ ಅದನ್ನು 2 ಗಂಟೆ 54 ನಿಮಿಷ 48 ಸೆಕೆಂಡಿಗೆ ಇಳಿಸಿದರು. ವಯಸ್ಸಿನ ಕೋಷ್ಟಕದಂತೆ ಇದು ತರುಣನೊಬ್ಬನ 2 ಗಂಟೆ 4 ನಿಮಿಷದ ಓಟಕ್ಕೆ ಸಮ. ಆಗಿನ ವಿಶ್ವದಾಖಲೆ 2 ಗಂಟೆ 4 ನಿಮಿಷ 55 ಸೆಕೆಂಡು! ಕಡೆಗೆ 2016ರಲ್ಲಿ, 85ರ ವಯಸ್ಸಿನಲ್ಲಿಯೂ ನಾಲ್ಕು ಗಂಟೆಯೊಳಗೆ ಓಡಿ, ಮರುವರ್ಷ ಮಾರ್ಚಿಯಲ್ಲಿ ತೀರಿಕೊಂಡರು.

ದೇಹವು ಇದನ್ನು ಹೇಗೆ ಸಹಿಸುತ್ತದೆ? ವೈದ್ಯಶಾಸ್ತ್ರದ ಉತ್ತರ ಸರಳವಾಗಿದೆ. ಒಂದು ನಿಮಿಷದಲ್ಲಿ ಶರೀರವು ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲುದು ಎಂಬುದರ ಮೇಲೆ ದೂರದ ಓಟ ನಿಂತಿದೆ. ಕುಳಿತೇ ಕಾಲ ಕಳೆಯುವವರಲ್ಲಿ ಈ ಶಕ್ತಿ ಹತ್ತು ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ; ಬಿಡದೆ ದುಡಿಸಿಕೊಂಡವರಲ್ಲಿ ಸುಮಾರು ಅದರ ಅರ್ಧ. ಗುಂಡಿಗೆಯ ಅತಿ ಹೆಚ್ಚಿನ ಬಡಿತ ವಯಸ್ಸಾದಂತೆ ಕಡಮೆಯಾಗುವುದನ್ನು ಯಾವ ವ್ಯಾಯಾಮವೂ ತಡೆಯಲಾರದು. ಸ್ನಾಯುವಿನಲ್ಲಿರುವ ಎಳೆಗಳಲ್ಲಿ ಚುರುಕಿನ ಎಳೆಗಳು ಮೊದಲು ಸವೆಯುತ್ತವೆ, ನಿಧಾನದ ಎಳೆಗಳು ತಾಳಿಕೊಳ್ಳುತ್ತವೆ. ಆದುದರಿಂದಲೇ 100 ಮೀಟರಿನ ಓಟಗಾರನು ಬೇಗ ಮುಪ್ಪಾಗುತ್ತಾನೆ, ದೂರದ ಓಟಗಾರನು ತಡವಾಗಿ. ಹಿಮ್ಮಡಿಯ ನರ ಬಿಗಿಯುತ್ತದೆ, ನೋವು ಮಾಯುವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ತರುಣನು ದಿನಬಿಟ್ಟು ದಿನ ವೇಗವಾಗಿ ಓಡಿದರೆ, ಅರುವತ್ತರವರಿಗೆ ವಾರಕ್ಕೊಮ್ಮೆ ಸಾಕು.

ಹಿರಿಯರ ಓಟವೆಂದರೆ ನಮ್ಮ ಜನಕ್ಕೆ ಒಡನೆಯೇ ನೆನಪಾಗುವವರು ಫೌಜಾ ಸಿಂಗ್. ಪಂಜಾಬಿನ ಜಲಂಧರ್ ಬಳಿಯ ಬ್ಯಾಸ್ ಪಿಂಡ್ ಗ್ರಾಮದ ಈ ರೈತರು ಪತ್ನಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದಲ್ಲಿ, ಎಂಬತ್ತನ್ನು ದಾಟಿದ ಮೇಲೆ, ಲಂಡನ್ನಿನಲ್ಲಿ ಓಟಕ್ಕೆ ತೊಡಗಿದರು. ಮೊದಲ ದಿನದ ಅಭ್ಯಾಸಕ್ಕೆ ಸೂಟು ಧರಿಸಿಯೇ ಬಂದಿದ್ದರಂತೆ! ಹರ್ಮಂದರ್ ಸಿಂಗ್ ಎಂಬವರು ಅವರನ್ನು ತಿದ್ದಿದರು. 'ಸಿಖ್ಸ್ ಇನ್ ದಿ ಸಿಟಿ' ಎಂಬ ಓಟದ ಬಳಗವೇ ಅವರ ಎರಡನೆಯ ಮನೆಯಾಯಿತು. 2000ದಲ್ಲಿ, 89ರ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷದಲ್ಲಿ ಮುಗಿಸಿದರು. 2003ರಲ್ಲಿ ಟೊರಾಂಟೊದಲ್ಲಿ 5 ಗಂಟೆ 40 ನಿಮಿಷ. ವಯಸ್ಸು ಏರಿದೆ, ವೇಳೆ ಒಂದು ಗಂಟೆಗೂ ಮಿಕ್ಕಿ ಇಳಿದಿದೆ! 2011ರಲ್ಲಿ ಅದೇ ನಗರದಲ್ಲಿ, ನೂರು ತುಂಬಿದವರಾಗಿ, 8 ಗಂಟೆ 11 ನಿಮಿಷದಲ್ಲಿ ಕೊನೆ ಮುಟ್ಟಿದರು. 2013ರಲ್ಲಿ ಹಾಂಗ್‌ಕಾಂಗಿನಲ್ಲಿ ಸ್ಪರ್ಧೆಗೆ ಕೈಮುಗಿದರು. 2025ರ ಜುಲೈ 14ರಂದು ತಮ್ಮ ಹುಟ್ಟೂರಿನ ರಸ್ತೆಯಲ್ಲಿ ವಾಹನವೊಂದು ಬಡಿದು ಅವರ ಬಾಳು ಮುಗಿಯಿತು.

ಆದರೆ ಫೌಜಾ ಸಿಂಗರ ಹೆಸರು ಗಿನ್ನೆಸ್ ದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ. ಪಾಸ್‌ಪೋರ್ಟಿನಲ್ಲಿ 1911ರ ಏಪ್ರಿಲ್ 1 ಎಂದಿತ್ತು. ಹುಟ್ಟಿದ ದಿನದ ಪ್ರಮಾಣಪತ್ರ ಇರಲಿಲ್ಲ. ಆ ಕಾಲದ ಭಾರತದ ಹಳ್ಳಿಯಲ್ಲಿ ಅದನ್ನು ಬರೆದಿಟ್ಟವರು ಯಾರು? ಕಾಗದ ಕೇಳುವವರನ್ನು ಪೂರಾ ತಪ್ಪೆನ್ನುವಂತೆಯೂ ಇಲ್ಲ. ವಯಸ್ಸಿನ ಮೇಲೆ ಅಂಕ ನಿಲ್ಲುವ ಸ್ಪರ್ಧೆಯಲ್ಲಿ ವಯಸ್ಸೇ ಸಂದೇಹವಾದರೆ ಅಳತೆಗೋಲು ಮುರಿದಂತೆ. ಆದರೂ ಆ ಎಂಟು ಗಂಟೆಗಳ ದಾರಿಯನ್ನು ಆ ಕಾಲುಗಳೇ ತುಳಿದವೆಂಬುದರಲ್ಲಿ ಸಂದೇಹವಿಲ್ಲವಲ್ಲ!

ಹೆಂಗಸರ ಮಾತು ಬಂದಾಗ ಇದಕ್ಕಿಂತ ಸೊಗಸಾದ ಒಂದು ಚಿತ್ರವಿದೆ. ಪಟಿಯಾಲದ ಮಾನ್ ಕೌರ್ ಅವರು ಓಡಲು ಆರಂಭಿಸಿದ್ದು 93ರಲ್ಲಿ. ಹುರಿದುಂಬಿಸಿದವರು ಅವರ ಮಗ ಗುರುದೇವ್ ಸಿಂಗ್. ತಾವೂ ಹಿರಿಯರ ಕೂಟಗಳಲ್ಲಿ ಓಡುತ್ತಿದ್ದವರು. ತಾಯಿ ಮಗುವಿಗೆ ನಡೆ ಕಲಿಸುವುದು ಲೋಕರೂಢಿ. ಇಲ್ಲಿ ಮುದಿ ಮಗನು ತಾಯಿಗೆ ಓಟ ಕಲಿಸಿದನು. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ, 101ರ ವಯಸ್ಸಿನಲ್ಲಿ, 100 ಮೀಟರನ್ನು 74 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಪಡೆದರು. 2021ರಲ್ಲಿ ನಿಧನರಾದರು. ಇತ್ತ ಒಲಿಂಪಿಕ್ ಕೂಟದಲ್ಲಿ ಹೆಂಗಸರಿಗೆ ಮ್ಯಾರಥಾನ್ ಇರಿಸಿದ್ದೇ 1984ರಲ್ಲಿ. ಅಲ್ಲಿಯವರೆಗೆ ಅಷ್ಟು ದೂರ ಅವರಿಗೆ ಆಗದೆಂದು ಗಂಡಸರು ತೀರ್ಮಾನಿಸಿಬಿಟ್ಟಿದ್ದರು. ನಮ್ಮ ನಾಡಿನ ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜೆ 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಕೂಟದ 400 ಮೀಟರು ಹರ್ಡಲ್ಸ್ ಓಟದಲ್ಲಿ ಚಿನ್ನ ತಂದರು. ಹಳ್ಳಿಯ ಹುಡುಗಿ ಓಡಬಲ್ಲಳೇ ಎಂಬ ಪ್ರಶ್ನೆಯನ್ನು ಅದಾದ ಮೇಲೆ ಕೇಳುವಂತಿಲ್ಲ. ಚಿತ್ತಾಪುರದಲ್ಲಿಯೋ ಚಿಂಚೋಳಿಯಲ್ಲಿಯೋ ಕೇಳಬೇಕಾದ ಪ್ರಶ್ನೆ ಬೇರೆ: ಬೆಳಗಿನ ಐದು ಗಂಟೆಯ ಕತ್ತಲಲ್ಲಿ ಅವಳ ಜತೆಗೆ ಯಾರು? ಬಳಗವೊಂದಿದ್ದು, ಅದರಲ್ಲಿ ನಾಲ್ಕು ಮಂದಿ ತಾಯಂದಿರೂ ಇಬ್ಬರು ಮುತ್ಯಾಗಳೂ ಇದ್ದರೆ ತಂದೆ ಬಾಗಿಲು ತೆರೆಯುತ್ತಾನೆ. ಒಬ್ಬಳೇ ಎಂದರೆ ತೆರೆಯುವುದಿಲ್ಲ.

ಎಳೆಯರ ವಿಷಯದಲ್ಲಿ ಮತ್ತೊಂದು ಅಪಾಯವೂ ಉಂಟು. ಒಡಿಶಾದ ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಬಾಲಕನನ್ನು 2006ರ ಮೇ ತಿಂಗಳಿನ ಬಿಸಿಲಿನಲ್ಲಿ ಪುರಿಯಿಂದ ಭುವನೇಶ್ವರದವರೆಗೆ 65 ಕಿಲೋಮೀಟರು ಓಡಿಸಿದರು. ಏಳು ಗಂಟೆ ಹಿಡಿಯಿತು. ದೇಶವೇ ಚಪ್ಪಾಳೆ ತಟ್ಟಿತು, ವೈದ್ಯರು ಬೆಚ್ಚಿಬಿದ್ದರು. ಸರಕಾರವು ಅವನ ದೂರದ ಓಟಗಳನ್ನು ನಿಲ್ಲಿಸಿ ಕ್ರೀಡಾ ವಸತಿಗೃಹಕ್ಕೆ ಸೇರಿಸಿತು. ಅಂದು ಎಲ್ಲರೂ ಕಂಡ ಒಲಿಂಪಿಕ್ ಪದಕದ ಕನಸು ಕೈಗೂಡಲಿಲ್ಲ. ಮಗುವಿನ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಬೆವರಿ ಮೈ ತಂಪಾಗಿಸಿಕೊಳ್ಳುವ ಶಕ್ತಿ ದೊಡ್ಡವರಷ್ಟು ಇರುವುದಿಲ್ಲ. ಇಂದು ಬಹುತೇಕ ಪೂರ್ಣ ಮ್ಯಾರಥಾನ್‌ಗಳಿಗೆ 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಹತ್ತು ವರ್ಷದ ಹುಡುಗನು ಎಷ್ಟು ದೂರ ಓಡಿದನೆಂದು ಪತ್ರಿಕೆಗೆ ಸುದ್ದಿ ಕಳುಹಿಸುವ ತಂದೆತಾಯಿಗಳು ಬುಧಿಯಾನನ್ನು ಒಮ್ಮೆ ನೆನೆಯುವುದೊಳ್ಳೆಯದು. ಆ ವಯಸ್ಸಿಗೆ ಆಟವೇ ಓಟ.

ಮತ್ತೆ ಕಾಗಿಣೆಯ ಕಡೆಗೆ ಬರೋಣ. ಬಳಗ ಕಟ್ಟುವುದಕ್ಕೆ ಈ ಊರುಗಳಲ್ಲಿ ಏನಿದೆ, ಏನಿಲ್ಲ? ಕೆಂಪು ರಬ್ಬರಿನ ಓಟದ ಪಥವಿಲ್ಲದಿದ್ದರೂ ನಡೆದೀತು. ದೂರದ ಓಟಕ್ಕೆ ಅದು ಬೇಕಾಗಿಯೂ ಇಲ್ಲ. ಕಾರ್ಖಾನೆಗಳ ವಸಾಹತುಗಳಲ್ಲಿ ಮರ ನೆಟ್ಟ ಒಳರಸ್ತೆಗಳಿವೆ. ಲಾರಿಗಳು ಓಡಾಡುವ ಹೆದ್ದಾರಿಗಿಂತ ಅವು ಎಷ್ಟೋ ವಾಸಿ. ಕಾರ್ಖಾನೆಯೂ ಓಟವೂ ಕೂಡಿದರೆ ಏನಾಗಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ 1964ರ ಟೋಕಿಯೊ ಒಲಿಂಪಿಕ್ ಕೂಟದಲ್ಲಿ ಓಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 1970ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ರಿಲೇ ತಂಡದೊಡನೆ ಕಂಚು ತಂದರು. 2022ರ ಡಿಸೆಂಬರಿನಲ್ಲಿ, 82ರ ವಯಸ್ಸಿನಲ್ಲಿ, ಕಾಲವಾದರು. ಸಂಬಳ ಕೊಟ್ಟು, ಅಭ್ಯಾಸಕ್ಕೆ ಬಿಡುವೂ ಕೊಡುವ ಕಾರ್ಖಾನೆಯೇ ಅಂಥವರ ಪಾಲಿಗೆ ಕ್ಲಬ್ಬು.

ಬಿಸಿಲೇ ದೊಡ್ಡ ಶತ್ರುವೆನ್ನುವವರಿದ್ದಾರೆ. ಶತ್ರು ಹೌದು, ಆದರೆ ಪಳಗಿಸಬಹುದಾದ ಶತ್ರು. ಹತ್ತು ಹದಿನಾಲ್ಕು ದಿನ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಮೈಯೊಡ್ಡಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಹೊರಡುತ್ತದೆ, ಗುಂಡಿಗೆಯ ಬಡಿತ ಇಳಿಯುತ್ತದೆ. ಹಿರಿಯರಿಗೆ ಮಾತ್ರ ಒಂದು ಎಚ್ಚರಿಕೆ: ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ನೀರಡಿಕೆಯಾದಾಗ ಕುಡಿದರಾಯಿತೆಂದು ಕಾಯಬಾರದು. ಗಡಿಯಾರ ನೋಡಿ ಕುಡಿಯಬೇಕು. ಬಿಳಿ ಜೋಳದ ರೊಟ್ಟಿ ಉಂಡ ಗಟ್ಟಿ ಜೀವವೆಂಬ ಹೆಮ್ಮೆ ಮೇ ತಿಂಗಳ ಒಂಬತ್ತು ಗಂಟೆಯ ಬಿಸಿಲಿನಲ್ಲಿ ಕೆಲಸಕ್ಕೆ ಬಾರದು. ಸಕ್ಕರೆ ಕಾಯಿಲೆಗೋ ಗುಂಡಿಗೆಗೋ ಔಷಧ ತೆಗೆದುಕೊಳ್ಳುವವರು ನಡಿಗೆಯಿಂದ ಓಟಕ್ಕೆ ಏರುವ ಮೊದಲು ವೈದ್ಯರನ್ನು ಕೇಳಲೇಬೇಕು.

ಉಳಿದಂತೆ ಬೇಕಾದದ್ದು ಬಹಳ ಕಡಮೆ. ಸರಿಯಾಗಿ ಅಳೆದ 1600 ಮೀಟರು ದಾರಿ, ಆರಂಭಕ್ಕೂ ಕೊನೆಗೂ ಸುಣ್ಣದ ಗೆರೆ, ಒಂದು ಗಡಿಯಾರ, ಒಂದು ಕೊಡ ನೀರು. ತಿಂಗಳಿಗೊಂದು ಭಾನುವಾರ ಭರ್ತಿಯ ಹುಡುಗರೂ ನಡಿಗೆಯ ಹಿರಿಯರೂ ಶಾಲೆಯ ಹುಡುಗಿಯರೂ ಅದೇ ಗೆರೆಯಿಂದ ಹೊರಡಲಿ. ನಿವೃತ್ತ ಮಾಸ್ತರರೊಬ್ಬರು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಹೆಸರು, ಹುಟ್ಟಿದ ದಿನ, ವೇಳೆ ಬರೆದುಕೊಳ್ಳಲಿ. ವಯಸ್ಸಿನ ಕೋಷ್ಟಕ ನೋಡಿ ಅಂಕ ಕೂಡಿಸುವುದು ಅವರಿಗೆ ಕಷ್ಟವಾಗಲಾರದು. ಹೊಸ ದಾಖಲೆ ಯಾರದೆಂದು ಓದಿ ಹೇಳುವ ಗತ್ತೂ ಅವರಿಗೆ ಗೊತ್ತು.

ತೊಡಕು ಬರುವುದು ಒಂದೇ ಅಂಕಣದಲ್ಲಿ. ಈ ಭಾಗದ ಹಿರಿಯರಲ್ಲಿ ಎಷ್ಟೋ ಮಂದಿಯನ್ನು ಶಾಲೆಗೆ ಸೇರಿಸಿದಾಗ ಅವರ ಹುಟ್ಟಿದ ದಿನ ಯಾರಿಗೂ ತಿಳಿದಿರಲಿಲ್ಲ. ಅಂದಿನ ಹೆಡ್‌ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷವನ್ನು ಅಂದಾಜು ಮಾಡಿ, ತಾರೀಖಿನ ಜಾಗದಲ್ಲಿ ಜೂನ್ 1 ಎಂದು ಬರೆದುಬಿಟ್ಟರು. ಹೀಗಾಗಿ ಅರುವತ್ತರ ವರ್ಗದಿಂದ ಅರುವತ್ತೈದರ ವರ್ಗಕ್ಕೆ ಬಡ್ತಿ ಪಡೆಯುವವರೆಲ್ಲರೂ ಒಂದೇ ದಿನ, ಶಾಲೆ ತೆರೆಯುವ ಹೊತ್ತಿಗೆ, ಮಳೆಗಾಲದ ಮೊದಲ ಮೋಡ ಕಾಣಿಸುವ ವೇಳೆಗೆ, ಒಟ್ಟಿಗೇ ದಾಟುತ್ತಾರೆ.